ಮೈದಾನದ ಬೀಗದ ಕೈ ಯಾರ ಹತ್ತಿರ ಇದೆ? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನನ್ನ ಮನೆ ಬೆಂಗಳೂರಿನಲ್ಲಿದ್ದರೂ ವೋಟು ಇನ್ನೂ ಊರಲ್ಲೇ ಇದೆ. ಶಿವಮೊಗ್ಗ ದಾಟಿ ಇನ್ನೊಂದೆರಡು ಗಂಟೆ ಹೋದರೆ ಸಿಗುವ ಊರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆ ಮೈದಾನ ಗುಡಿಸುವ ಯಾರೋ ಬಡಪಾಯಿಗೆ ಬೈಗುಳ ಬೀಳುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ನೀವು ಯಾವ ಪಕ್ಷದವರು ಅನ್ನುವುದೂ ಈ ಪತ್ರಕ್ಕೆ ಬೇಕಿಲ್ಲ. ನಿಮ್ಮ ಹಿಂದಿನವರ ಕಾಲದಲ್ಲೂ ಇದೇ ಕಥೆ ಇತ್ತು.

2025ರ ದೀಪಾವಳಿಗೆ ನಾವು ಊರಿಗೆ ಹೊರಟಿದ್ದು ಅಕ್ಟೋಬರ್ 19ರ ಭಾನುವಾರ. ಕಾರಿನಲ್ಲಿ ನಾನು, ನನ್ನ ಹೆಂಡತಿ, ಏಳನೇ ಕ್ಲಾಸಿನ ಮಗಳು ಮತ್ತು ನನ್ನ ಮಾವ. ಡಿಕ್ಕಿಯಲ್ಲಿ ಅಮ್ಮನ ಸೀರೆ, ಸ್ವೀಟು, ಎಲ್ಲದರ ಮೇಲೆ ಮಗಳ ಕ್ರಿಕೆಟ್ ಕಿಟ್. ಐದಕ್ಕೆ ಹೊರಡಬೇಕು ಅಂದುಕೊಂಡವರು ಎಂಟಕ್ಕೆ ಹೊರಟೆವು. ಹಬ್ಬದ ಹಿಂದಿನ ದಿನ ಎಂಟಕ್ಕೆ ಹೊರಟವರ ಗತಿ ನೆಲಮಂಗಲದಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ನೀವೂ ಅದೇ ರಸ್ತೆಯಲ್ಲಿ ಓಡಾಡುವವರು, ನಿಮ್ಮ ಮುಂದೆ ದಾರಿ ಬಿಡಿಸುವ ಗಾಡಿಯೊಂದು ಇರುತ್ತದೆ ಅಷ್ಟೇ.

ನಾವು ನಿಂತಲ್ಲೇ ನಿಂತಿದ್ದಾಗ ಪರ್ತ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಏಕದಿನ ಪಂದ್ಯ ಶುರುವಾಗಿತ್ತು. ರೋಹಿತ್ ಮತ್ತು ಕೊಹ್ಲಿ ಎಷ್ಟೋ ತಿಂಗಳ ಮೇಲೆ ಭಾರತಕ್ಕೆ ಆಡುತ್ತಿದ್ದ ಮ್ಯಾಚ್. ರೋಹಿತ್ 8ಕ್ಕೆ ಹೋದರು. ಕೊಹ್ಲಿ ಎಂಟು ಬಾಲ್ ಆಡಿ ಸೊನ್ನೆ. ನಾನು ಫೋನ್ ಉಲ್ಟಾ ಇಟ್ಟುಬಿಟ್ಟೆ. ಅದಕ್ಕೆ ಮೂರು ವರ್ಷದ ಹಿಂದೆ, 2022ರ ಅಕ್ಟೋಬರ್ 23ರಂದು, ಇದೇ ಹಬ್ಬಕ್ಕೆ ಇದೇ ರಸ್ತೆಯಲ್ಲಿ ಹೋಗುವಾಗ ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ಮೇಲೆ ಇದೇ ಮನುಷ್ಯ 53 ಬಾಲ್‌ಗೆ ಔಟಾಗದೆ 82 ಹೊಡೆದಿದ್ದರು. ಹಾರಿಸ್ ರೌಫ್‌ಗೆ ಆ ಎರಡು ಸಿಕ್ಸ್ ಬಿದ್ದಾಗ ನಾನು ಗಾಡಿ ಪಕ್ಕಕ್ಕೆ ಹಾಕಿ ಕೂಗಿದ್ದೆ. ಹಿಂದೆ ಬಂದ ಲಾರಿ ಡ್ರೈವರ್ ಬೈಯುತ್ತಾನೆ ಅಂದುಕೊಂಡರೆ, ತಲೆ ಹೊರಗೆ ಹಾಕಿ "ಎಷ್ಟು ಬೇಕು?" ಅಂತ ಕೇಳಿದ್ದ.

ಹಿಂದಿನ ಸೀಟಿನಿಂದ ಮಗಳು ಸಮಾಧಾನ ಮಾಡಿದಳು. "ಬಿಡಪ್ಪಾ, ಮೂರು ಗಂಟೆಗೆ ನಮ್ಮ ಮ್ಯಾಚ್ ಇದೆಯಲ್ಲ." ಇಂದೋರ್‌ನಲ್ಲಿ ಅವತ್ತು ಮಹಿಳಾ ವಿಶ್ವಕಪ್‌ನಲ್ಲಿ ಭಾರತಕ್ಕೆ ಇಂಗ್ಲೆಂಡ್ ಮೇಲೆ ಪಂದ್ಯ. 'ನಮ್ಮ' ಅನ್ನುವ ಮಾತು ಅವಳು ಎಷ್ಟು ಸಲೀಸಾಗಿ ಅಂದಳು! ನನ್ನ ಹೆಂಡತಿ ಅವಳ ವಯಸ್ಸಿನಲ್ಲಿ ಹಾಗೆ ಅನ್ನುತ್ತಿರಲಿಲ್ಲವಂತೆ. ಆಗ ಮ್ಯಾಚ್ ಅಂದರೆ ಅಣ್ಣಂದಿರದ್ದು, ಇವಳ ಪಾಲಿಗೆ ಅವರಿಗೆ ಕಾಫಿ ಕೊಡುವ ಕೆಲಸ.

ಸ್ವಾಮಿ, ಈ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಈಗ ನಂಬರ್ ಬದಲಾಗಿದೆ, ನಾವು ಇನ್ನೂ ಹಳೇ 206 ಅಂತಲೇ ಕರೆಯುತ್ತೇವೆ. ಕ್ರಿಕೆಟ್ ಹುಚ್ಚಿರುವ ಮಾವನನ್ನು ಕೂರಿಸಿಕೊಂಡು ಹೋದರೆ ಇದು ಒಂದು ಥರ ತೀರ್ಥಯಾತ್ರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಗುಬ್ಬಿ, ತಿಪಟೂರು ದಾಟಿ ಅರಸೀಕೆರೆ ಬಂದರೆ ಅದು ಡೇವಿಡ್ ಜಾನ್ಸನ್ ಊರು. 1996ರಲ್ಲಿ ಎರಡೇ ಟೆಸ್ಟ್ ಆಡಿದ ವೇಗಿ, 2024ರಲ್ಲಿ ತೀರಿಕೊಂಡರು. ಬಾಣಾವರದಲ್ಲಿ ಜಾವಗಲ್ ಕಡೆ ತಿರುಗುವ ದಾರಿ. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಆದರೆ ಆ ಹಳ್ಳಿಯ ಹೆಸರನ್ನು ಪ್ರಪಂಚದ ಸ್ಕೋರ್‌ಬೋರ್ಡ್‌ಗಳಿಗೆಲ್ಲ ಕಲಿಸಿದವರು ಅವರೇ. ಅಲ್ಲಿಂದ ಮುಂದೆ ಕಡೂರು. ಆ ಊರ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೀರೂರು, ತರೀಕೆರೆ ಆದಮೇಲೆ ಭದ್ರಾವತಿ.

ಭದ್ರಾವತಿ ಬರುವಾಗ ಮಾವ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಾರೆ. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸ್ ಸೊನ್ನೆ, ಎರಡನೆಯದರಲ್ಲಿ 137. ಈ ಲೆಕ್ಕವನ್ನು ಮಾವ ಪ್ರತಿ ಹಬ್ಬಕ್ಕೂ ಹೇಳುತ್ತಾರೆ, ನಾವು ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ಕೇಳುತ್ತೇವೆ. ಅಲ್ಲಿಂದ ಮಾತು 1974ಕ್ಕೆ ಹೊರಳುತ್ತದೆ. ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ನಮ್ಮವರು ತಡೆದದ್ದು, ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದು. ಮಾವ ಹೇಳುವಾಗ ಆ ಬಾಲ್ ವರ್ಷದಿಂದ ವರ್ಷಕ್ಕೆ ಜಾಸ್ತಿ ತಿರುಗುತ್ತಾ ಹೋಗುತ್ತದೆ.

ಈಗ ಕಡೂರು. ಅದು ವೇದಾ ಕೃಷ್ಣಮೂರ್ತಿ ಊರು. 2017ರ ಮಹಿಳಾ ವಿಶ್ವಕಪ್‌ನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ, ಗೆದ್ದರೆ ಸೆಮಿಫೈನಲ್ ಸೋತರೆ ಮನೆ ಅನ್ನುವ ಮ್ಯಾಚ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಬಾಲ್‌ಗೆ 70 ಹೊಡೆದವರು. ಅದೇ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ಒಂದು ಕಡೂರು, ಒಂದು ವಿಜಯಪುರ. ನನ್ನ ಮಗಳು ಇವನ್ನೆಲ್ಲ ಯೂಟ್ಯೂಬಲ್ಲಿ ನೋಡಿ ಬಾಯಿಪಾಠ ಮಾಡಿದ್ದಾಳೆ. ಕಡೂರಿನಲ್ಲಿ ಗಾಡಿ ನಿಲ್ಲಿಸಲೇಬೇಕು ಅಂತ ಅವಳ ಹಠ. ನಿಲ್ಲಿಸಿದೆವು. ಸುಮ್ನೆ ಒಂದು ಫೋಟೋ, ಹಿಂದೆ ಊರಿನ ಬೋರ್ಡು.

ಆದರೆ ಈ ಪತ್ರ ಬರೆಯಲು ಕಾರಣವಾದದ್ದು ಅದಕ್ಕೂ ಮುಂಚೆ, ದಾರಿಯಲ್ಲಿ ನಡೆದದ್ದು. ನನ್ನ ಹೆಂಡತಿ ಮತ್ತು ಮಗಳು ಮನೆ ಬಿಟ್ಟಾಗಿನಿಂದ ನೀರು ಕುಡಿದಿರಲಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ಹದಿನೈದು ವರ್ಷದಿಂದ ಈ ದಾರಿಯಲ್ಲಿ ಗಾಡಿ ಓಡಿಸುತ್ತಿದ್ದೇನೆ, ನನ್ನ ಬಾಟಲಿ ಖಾಲಿಯಾದಾಗ ಅವರದ್ದು ಯಾಕೆ ತುಂಬಿಯೇ ಇರುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ತಿಪಟೂರು ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿದೆವು. ಬಾತ್‌ರೂಮಿಗೆ ಬೀಗ. ಕೀ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಊಟಕ್ಕೆ. ಇನ್ನೊಂದು ಕಡೆ ಬೀಗ ಇರಲಿಲ್ಲ, ನೀರೂ ಇರಲಿಲ್ಲ. ಮೂರನೇ ಕಡೆ, ಒಂದು ಸಣ್ಣ ಹೋಟೆಲಿನ ಯಜಮಾನಿ ತಮ್ಮ ಮನೆಯ ಬಾತ್‌ರೂಮೇ ತೋರಿಸಿದರು. ಅಷ್ಟು ಹೊತ್ತಿಗೆ ಮಗಳ ಮುಖ ಸಣ್ಣದಾಗಿತ್ತು. ಹೆಂಡತಿ ಇದನ್ನೆಲ್ಲ ದೊಡ್ಡ ವಿಷಯವೇ ಅಲ್ಲ ಅನ್ನುವ ಹಾಗೆ ಹೇಳಿದಳು: "ಎಲ್ಲಾ ಹೆಂಗಸರೂ ಹೀಗೇ ಬರೋದು."

ಊರು ತಲುಪಿದಾಗ ಕತ್ತಲಾಗಿತ್ತು. ಬಚ್ಚಲ ಹಂಡೆಗೆ ನೀರು ತುಂಬಿ, ಮಾರನೇ ದಿನದ ಎಣ್ಣೆ ಸ್ನಾನಕ್ಕೆ ಎಲ್ಲಾ ತಯಾರಿ ಆಗಿತ್ತು. ಅಡುಗೆ ಮನೆಯಲ್ಲಿ ಕಡುಬಿಗೆ ಚೀನಿಕಾಯಿ ತುರಿಯುತ್ತಿದ್ದರು. ಹೊರಗೆ ಟೀವಿ ಮುಂದೆ ಎಂಟು ಜನ. ಸ್ಮೃತಿ ಮಂದಾನ 88, ಹರ್ಮನ್‌ಪ್ರೀತ್ 70, ದೀಪ್ತಿ 50. ಇಷ್ಟು ಹೊಡೆದೂ ನಾಲ್ಕು ರನ್‌ನಲ್ಲಿ ಸೋತೆವು. ನಾಲ್ಕೇ ನಾಲ್ಕು! ಮಗಳು ಊಟ ಬಿಟ್ಟು ಮಲಗಿದಳು. ಒಂದೇ ದಿನ ಎರಡು ಸೋಲು, ಪರ್ತ್‌ನದು ನನ್ನದು, ಇಂದೋರ್‌ನದು ಅವಳದು.

ನನ್ನ ಅಣ್ಣನ ಮಗಳು ಎಂಟನೇ ಕ್ಲಾಸು. ಆಫ್ ಸ್ಪಿನ್ ಹಾಕುತ್ತಾಳೆ. ಬೆಂಗಳೂರಿನಲ್ಲಿ ತಿಂಗಳಿಗೆ ಫೀಸು ಕಟ್ಟಿ ಕಲಿಯುವ ನನ್ನ ಮಗಳಿಗಿಂತ ಚೆನ್ನಾಗಿ ಹಾಕುತ್ತಾಳೆ, ಇದನ್ನು ಅಪ್ಪನಾಗಿ ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಅವಳ ಪಿಚ್ ಅಂಗಳ, ಅಡಿಕೆ ಚಪ್ಪರದ ಕೆಳಗೆ. ಬಾಲ್ ಸುಲಿದ ಅಡಿಕೆಗೆ ಬಿದ್ದರೆ ನಮ್ಮಮ್ಮ ಅಂಪೈರ್ ಆಗಿ ಇಬ್ಬರನ್ನೂ ಔಟ್ ಕೊಡುತ್ತಾರೆ. "ಮೈದಾನಕ್ಕೆ ಯಾಕೆ ಹೋಗಲ್ಲ ಪುಟ್ಟಿ?" ಅಂದೆ. "ಚಿಕ್ಕಪ್ಪಾ, ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ಇರಕ್ಕಾಗಲ್ಲ" ಅಂದಳು. ನನಗೆ ತಿಪಟೂರು ನೆನಪಾಯಿತು, ಮುಂದೆ ಕೇಳಲಿಲ್ಲ.

ಬಲಿಪಾಡ್ಯಮಿ ದಿನ ಗೋಪೂಜೆ ಮುಗಿಸಿ, ದನಗಳಿಗೆ ಚೆಂಡು ಹೂವು, ಅಡಿಕೆ, ಪಚ್ಚೆತೆನೆಯ ಹಾರ ಹಾಕಿ ಬಿಟ್ಟ ಮೇಲೆ ಇಬ್ಬರನ್ನೂ ಕರೆದುಕೊಂಡು ಮೈದಾನಕ್ಕೆ ಹೋದೆ. ಗೇಟಿನ ಮೇಲೆ ನೀವು ನಗುತ್ತಿದ್ದಿರಿ. ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿನ ಫ್ಲೆಕ್ಸ್. ನಿಮ್ಮ ಫೋಟೋ ಕಪ್ಪಿಗಿಂತ ನಾಲ್ಕು ಪಟ್ಟು ದೊಡ್ಡದಾಗಿತ್ತು. ತಪ್ಪು ತಿಳಿಯಬೇಡಿ, ಟೆನಿಸ್ ಬಾಲ್ ಕ್ರಿಕೆಟ್ ನನಗೂ ಇಷ್ಟ. ಅದರಲ್ಲೇ ಬೆಳೆದವನು ನಾನು. ರಾತ್ರಿ ಲೈಟು, ಮೈಕಿನಲ್ಲಿ ಕನ್ನಡ ಕಾಮೆಂಟರಿ, ಬೌಂಡರಿ ಗೆರೆಯ ಹತ್ತಿರ ಮಂಡಕ್ಕಿ ಮಿರ್ಚಿ, ಆ ಗಮ್ಮತ್ತೇ ಬೇರೆ. ಆದರೆ ಅದು ಮೂರು ರಾತ್ರಿಯ ಮಾತು. ಉಳಿದ ದಿನ ಆ ಮೈದಾನ ಸಂತೆಯ ಗಾಡಿ ನಿಲ್ಲಿಸುವ ಜಾಗ. ಕಾಂಕ್ರೀಟ್ ಪಿಚ್ ಇದೆ, ಅದರ ಮೇಲೆ ಹಾಸಬೇಕಾದ ಮ್ಯಾಟ್ ಹರಿದು ಒಂದು ಮೂಲೆಯಲ್ಲಿ ಬಿದ್ದಿದೆ. ಮ್ಯಾಟ್ ಇಲ್ಲದ ಕಾಂಕ್ರೀಟಿನ ಮೇಲೆ ಲೆದರ್ ಬಾಲ್‌ನಲ್ಲಿ ಆಡಿದರೆ ಬಾಲ್ ಅರ್ಧ ದಿನ ಬಾಳುವುದಿಲ್ಲ.

ಮತ್ತೆ ಅಲ್ಲೊಂದು ಶೌಚಾಲಯ ಇದೆ! ನಾನು ಇಲ್ಲ ಅಂದುಕೊಂಡಿದ್ದೆ. ಎರಡು ಬಾಗಿಲು, ಒಂದರ ಮೇಲೆ 'ಮಹಿಳೆಯರಿಗೆ' ಅಂತ ಬರೆದಿದೆ. ಗೋಡೆಯಲ್ಲಿ ಕಲ್ಲು, ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರುಗಳು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಕಿಟಕಿಯಿಂದ ಇಣುಕಿ ನೋಡಿದೆ. ಒಳಗೆ ಸುತ್ತಿಟ್ಟ ಹಳೇ ಫ್ಲೆಕ್ಸ್‌ಗಳು, ಸ್ಟಂಪುಗಳು, ಒಂದು ಟ್ಯೂಬ್‌ಲೈಟ್ ಪಟ್ಟಿ. ಮೈದಾನದಲ್ಲಿ ಆಡುತ್ತಿದ್ದ ಹುಡುಗರನ್ನು ಕೀ ಯಾರ ಹತ್ತಿರ ಇದೆ ಅಂತ ಕೇಳಿದೆ. ಒಬ್ಬ ಪಂಚಾಯಿತಿ ಅಂದ, ಒಬ್ಬ ಕ್ಲಬ್ಬಿನವರು ಅಂದ, ಇನ್ನೊಬ್ಬ "ಅದು ಯಾವತ್ತೂ ತೆಗ್ದಿಲ್ಲ ಅಣ್ಣಾ" ಅಂದ. ಇಬ್ಬರು ಹುಡುಗಿಯರೂ ನನ್ನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ಹುಡುಗರು ಒಳ್ಳೆಯವರು, ಇವರಿಬ್ಬರಿಗೂ ಆಡಲು ಜಾಗ ಬಿಟ್ಟರು. ಅಣ್ಣನ ಮಗಳು ಅವರಲ್ಲಿ ಇಬ್ಬರನ್ನು ಬೌಲ್ಡ್ ಮಾಡಿದಳು. ಮುಕ್ಕಾಲು ಗಂಟೆ ಆದಮೇಲೆ "ಮನೆಗೆ ಹೋಗೋಣ" ಅಂದಳು.

ಆ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದುಕೊಂಡು ಹಾಡುತ್ತಾ ಬಂದರು. ಎಣ್ಣೆ ಹಾಕಿ ಕಳಿಸಿದೆವು. ಮಾರನೇ ದಿನ ಬೆಂಗಳೂರಿಗೆ ವಾಪಸ್. ದಾರಿಯುದ್ದಕ್ಕೂ ನವಿ ಮುಂಬೈ ಮ್ಯಾಚ್, ಸ್ಮೃತಿ 109, ಪ್ರತೀಕಾ ರಾವಲ್ 122, ನ್ಯೂಜಿಲೆಂಡ್ ಮೇಲೆ ಗೆಲುವು. ಆಮೇಲಿನದು ನಿಮಗೆ ಗೊತ್ತೇ ಇದೆ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಜೆಮಿಮಾ ಔಟಾಗದೆ 127, ನವೆಂಬರ್ 2ರಂದು ದಕ್ಷಿಣ ಆಫ್ರಿಕಾವನ್ನು 52 ರನ್‌ನಿಂದ ಸೋಲಿಸಿ ವಿಶ್ವಕಪ್. ನೀವೂ ಅಭಿನಂದನೆಯ ಪೋಸ್ಟ್ ಹಾಕಿದ್ದಿರಿ, ನೋಡಿದೆ. ಮೊದಲು ಮಾಡಿದ ಪಟ್ಟಿಯಲ್ಲಿ ಬೆಂಗಳೂರಿಗೂ ಈ ವಿಶ್ವಕಪ್ಪಿನ ಮ್ಯಾಚ್‌ಗಳಿದ್ದವು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಅವೆಲ್ಲ ಬೇರೆ ಊರುಗಳಿಗೆ ಹೋದವು. ಮಗಳಿಗೆ ಟಿಕೆಟ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅದರ ಬಗ್ಗೆ ಈಗ ದೂರಲು ಮನಸ್ಸು ಬರುವುದಿಲ್ಲ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ನೀವು ವರ್ಷಕ್ಕೆ 5 ಕೋಟಿ ರೂಪಾಯಿವರೆಗಿನ ಕೆಲಸಗಳಿಗೆ ಶಿಫಾರಸು ಮಾಡಬಹುದು. ಬಾಳಿಕೆ ಬರುವ ಕಟ್ಟಡ ಕಟ್ಟಲು ಇರುವ ದುಡ್ಡು ಅದು, ದಿನಾ ಗುಡಿಸುವವರ ಸಂಬಳಕ್ಕೆ ಬರುವುದಿಲ್ಲ. ಅದಕ್ಕೇ ಇರಬೇಕು, ಎಲ್ಲೆಲ್ಲೂ ಉದ್ಘಾಟನೆಯ ಕಲ್ಲುಗಳು ಹೊಸದಾಗಿವೆ, ನಲ್ಲಿಗಳು ಒಣಗಿವೆ. ನಮ್ಮೂರಿಗೆ ಹೊಸ ಕಟ್ಟಡ ಬೇಡ. ಇರುವುದರ ಬೀಗ ತೆಗೆಸಿ. ಒಳಗಿನ ಫ್ಲೆಕ್ಸ್‌ಗಳನ್ನು ಬೇರೆ ಎಲ್ಲಾದರೂ ಇಡಿಸಿ, ನಿಮ್ಮ ಫೋಟೋಗಳೇ ಅವು, ಅವಕ್ಕೂ ಆ ಜಾಗ ಮರ್ಯಾದೆ ಅಲ್ಲ ಅಲ್ವಾ? ನೀರಿನ ಪೈಪ್ ಹಾಕಿಸಿ. ವಾರಕ್ಕೆ ಮೂರು ದಿನ ತೊಳೆಯಲು ಯಾರಾದರೊಬ್ಬರಿಗೆ ಸಂಬಳ ಕೊಡುವಂತೆ ಪಂಚಾಯಿತಿಯವರ ಜೊತೆ ಕೂತು ಮಾತಾಡಿ. ಟೂರ್ನಮೆಂಟಿನ ಮೊದಲ ಬಹುಮಾನದ ದುಡ್ಡಿನಲ್ಲಿ ಒಂದು ಪಾಲು ಮ್ಯಾಟ್‌ಗೆ ತೆಗೆದಿಟ್ಟರೆ ಹುಡುಗರು ಬೇಡ ಅನ್ನುವುದಿಲ್ಲ, ನಾನು ಅವರನ್ನೂ ಕೇಳಿದ್ದೇನೆ.

ಹೆದ್ದಾರಿಯ ಬಂಕ್‌ಗಳ ವಿಷಯ ನಿಮ್ಮ ಕ್ಷೇತ್ರದ್ದಲ್ಲ ಅನ್ನಬಹುದು. ನಿಜ, ಆ ರಸ್ತೆ ಬೇರೆಬೇರೆ ಸಂಸದರ ಕ್ಷೇತ್ರಗಳಲ್ಲಿ ಹಾದುಹೋಗುತ್ತದೆ. ಆದರೆ ದೆಹಲಿಯಲ್ಲಿ ನೀವೆಲ್ಲ ಒಂದೇ ಸಭೆಯಲ್ಲಿ ಕೂರುತ್ತೀರಿ. ಮುಂದಿನ ಸಲ ಈ ದಾರಿಯಲ್ಲಿ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಆ ಮುಂದಿನ ಗಾಡಿ ಇಲ್ಲದೆ. ಅವರ ನೀರಿನ ಬಾಟಲಿ ಒಮ್ಮೆ ಎತ್ತಿ ನೋಡಿ.

ನಾವು ಯುಗಾದಿಗೆ ಮತ್ತೆ ಬರುತ್ತೇವೆ. ಅಣ್ಣನ ಮಗಳಿಗೆ ಒಂದು ಹೊಸ ಲೆದರ್ ಬಾಲ್ ತರುತ್ತೇನೆ ಅಂದಿದ್ದೇನೆ. ಅಷ್ಟರೊಳಗೆ ಬೀಗ ತೆಗೆಸಲು ಆಗದಿದ್ದರೆ, ಕೀ ಯಾರ ಹತ್ತಿರ ಇದೆ ಅನ್ನುವುದನ್ನಾದರೂ ತಿಳಿಸಿ. ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ