ಯಾರಿಗೂ ಹೇಳಬೇಡ ಅಂದೆಯಲ್ಲ

ಕಲಬುರಗಿ
ಮೇ 4

ಯವ್ವಾ, ನಿನ್ನ ಅತ್ತಿಯ ಆಶೀರ್ವಾದಗಳು.

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಕೈಗೆ ಬಂತು. ಊಟಕ್ಕೆ ಕೂತಿದ್ದೆ. ರೊಟ್ಟಿ ಮುರಿದ ಕೈ ಹಾಗೇ ಇಟ್ಟುಕೊಂಡು ಎಡಗೈಯಲ್ಲಿ ಹಿಡಿದು ಓದಿದೆ. ಪರೀಕ್ಷೆ ಮುಗಿಯಿತು, ನಾಲ್ವರು ಗೆಳತಿಯರು ಸೇರಿ ಹೊನ್ನಾವರದ ಕಡೆ ಹೋಗುತ್ತಿದ್ದೀರಿ, ಕಾಸರಕೋಡಿನಲ್ಲಿ ಗೆಳತಿಯ ಮನೆಯಲ್ಲೇ ಹತ್ತು ದಿನ ಇರುತ್ತೀರಿ ಅಂತೆಲ್ಲ ಓದಿ ನನಗೇ ಹೋದಷ್ಟು ಖುಷಿಯಾಯಿತು. ಇಲ್ಲಿಯ ಬಿಸಿಲು ಹೇಗಿದೆ ಅಂತ ನಿನಗೆ ಹೇಳಬೇಕಾಗಿಲ್ಲ. ಆಮೇಲೆ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದು ಕಂಡಿತು. "ಅವರಿಗೆಲ್ಲ ಈಜು ಬರುತ್ತೆ ಅತ್ತಿ, ನನಗೆ ಬರಲ್ಲ. ಹೇಳೋಕೆ ನಾಚಿಕೆ. ಸುಮ್ನೆ ಅವರ ಜೊತೆ ಇಳಿದುಬಿಡ್ತೀನಿ. ನಿನಗಷ್ಟೇ ಹೇಳಿದೀನಿ, ಯಾರಿಗೂ ಹೇಳಬೇಡ."

ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಹೋಗಬೇಡ ಅಂತ ಹೇಳಲು ಬರೆಯುತ್ತಿಲ್ಲ. ಹೋಗು. ಈ ವಯಸ್ಸಿನಲ್ಲಿ ಗೆಳತಿಯರ ಜೊತೆ ಹತ್ತು ದಿನ ಅಂದರೆ ಅದಕ್ಕಿಂತ ಬೇರೆ ಏನು ಬೇಕು? ಆದರೆ ಆ ಕೊನೆಯ ಸಾಲು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ. ಈಜು ಬರದೇ ಇರೋದು ದೊಡ್ಡ ಮಾತಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಬರುತ್ತದೆ? ಯಾರಿಗೂ ಹೇಳಬೇಡ ಅಂದೆಯಲ್ಲ, ನನಗೆ ಹೆದರಿಕೆ ಆದದ್ದು ಅದಕ್ಕೆ.

ನಡುಮನೆಯ ಗೋಡೆಯ ಮೇಲಿರುವ ನಿನ್ನ ಸಣ್ಣ ಕಾಕಾನ ಫೋಟೋ, ಶಹಾಬಾದಿನ ನೀರು ತುಂಬಿದ ಆ ಕಲ್ಲಿನ ಗಣಿ, ಆ ದಿನ ನಡೆದದ್ದು, ಎಲ್ಲ ನಿನಗೆ ಗೊತ್ತು. ಅದನ್ನು ಮತ್ತೆ ಬರೆಯೋದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದಿದೆ, ಅದನ್ನು ಬರೆಯುತ್ತೇನೆ.

ಅವನಿಗೆ ಈಜು ಬರುತ್ತಿರಲಿಲ್ಲ. ಬರುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಹೊಲದ ಬಾವಿಯಲ್ಲಿ ಅಪ್ಪ ಗಂಡುಹುಡುಗರಿಗೆ ಬೆನ್ನಿಗೆ ಎಣ್ಣೆ ಡಬ್ಬ ಕಟ್ಟಿ ಈಜು ಕಲಿಸುತ್ತಿದ್ದ. ನಿನ್ನಪ್ಪ ಎರಡೇ ವಾರದಲ್ಲಿ ಕಲಿತ. ಇವನು ಮೂರನೇ ದಿನದಿಂದ ನಾನೇ ಹೋಗಿ ಕಲಿಯುತ್ತೇನೆ ಅಂತ ಒಬ್ಬನೇ ಹೋಗುತ್ತಿದ್ದ. ತಲೆ ಒದ್ದೆ ಮಾಡಿಕೊಂಡು ಮನೆಗೆ ಬರುತ್ತಿದ್ದ. ಒಂದು ಸಂಜೆ ನಾನು ಅಂಗಳದಲ್ಲಿ ಜೋಳ ಕೇರುತ್ತಿದ್ದೆ. ಮುಂದೆ ಬಂದು ನಿಂತ. ಕೂದಲಿನಿಂದ ನೀರು ಸುರಿಯುತ್ತಿದೆ, ಹಿಮ್ಮಡಿಗೆ ಮೆತ್ತಿದ ಕರಿಮಣ್ಣಿನ ಧೂಳು ಮಾತ್ರ ಒಣಗಿದ್ದು ಒಣಗಿದ ಹಾಗೇ ಇದೆ. ನಾನು ಕಾಲು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. "ಅಕ್ಕಾ, ನನಗ ನೀರಿನ ಅಂಜಿಕಿ ಅದ. ಅಪ್ಪಗ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ" ಅಂದ. ಬಾವಿಯ ಕಟ್ಟೆಯ ಮೇಲೆ ಕೂತು ಒಂದು ಕೊಡ ನೀರು ತಲೆಗೆ ಸುರಿದುಕೊಂಡು ಬರುತ್ತಿದ್ದನಂತೆ. ನಾನು ನಕ್ಕೆ. ಹೇಳೋದಿಲ್ಲ ಅಂತ ಮಾತು ಕೊಟ್ಟೆ. ಇಟ್ಟುಕೊಂಡೆ ಕೂಡ.

ನನಗೆ ಆಗ ಹದಿನೇಳು. ತಮ್ಮನ ಗುಟ್ಟು ಕಾಪಾಡೋದು ಪ್ರೀತಿ ಅಂತ ತಿಳಿದಿದ್ದೆ.

ಆಮೇಲೆ ಎಲ್ಲರ ಕೈ ಯಾರ ಕಡೆ ತಿರುಗಿತು ಗೊತ್ತಾ? ಅವನನ್ನು ಕರೆದುಕೊಂಡು ಹೋದ ಗೆಳೆಯನ ಕಡೆ. ಆ ಹುಡುಗ ಹದಿನೈದು ದಿನ ನಮ್ಮ ಮನೆಯ ಹೊರಗೆ ಬಂದು ನಿಲ್ಲುತ್ತಿದ್ದ. ಅಪ್ಪ ಬಾಗಿಲು ತೆಗೆಯಲಿಲ್ಲ. ಎಷ್ಟೋ ವರ್ಷ ಆದ ಮೇಲೆ, ನಾನು ಶಾಲೆಗೆ ಸೇರಿ ಆಗಿತ್ತು, ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಅವನೇ ಗುರುತು ಹಿಡಿದು ಹತ್ತಿರ ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. "ಅಕ್ಕಾ, ಒಂದು ಮಾತು ಕೇಳ್ಲಿ? ಅವಗ ಈಸು ಬರ್ತಿತ್ತಲ್ಲ?" ಅಂದ. ಬಸ್ಸು ಹೊರಟಿತ್ತು. "ನನಗ ಗೊತ್ತಿಲ್ಲಪ್ಪ" ಅಂದು ಹತ್ತಿಬಿಟ್ಟೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಈಗ ಮತ್ತೆ ಕೂತಿದ್ದೇನೆ.

ನಿನ್ನ ಗೆಳತಿಯರು ಒಳ್ಳೆಯವರು ಅಂತ ನೀನೇ ಬರೆದಿದ್ದೀಯ. ನಂಬುತ್ತೇನೆ. ಆದರೆ ನೀನು ನಗುತ್ತ ಜೊತೆಗೆ ಇಳಿದರೆ ಅವರಿಗೆ ಹೇಗೆ ತಿಳಿಯಬೇಕು? ಅವರು ಹತ್ತು ಮಾರು ಮುಂದೆ ಹೋಗುತ್ತಾರೆ, ನೀನೂ ಬರುತ್ತಿದ್ದೀಯ ಅಂತ ತಿಳಿಯುತ್ತಾರೆ. ನಿನಗೆ ಏನಾದರೂ ಆದರೆ, ಆಗದೇ ಇರಲಿ, ಬರೆಯಲು ಕೈ ಬರುವುದಿಲ್ಲ, ಆ ಮೂವರು ಹುಡುಗಿಯರು ಜೀವನ ಪೂರ್ತಿ ಯಾರನ್ನು ಹೋಗಿ ಕೇಳಬೇಕು? ನಿನ್ನ ನಾಚಿಕೆಯ ಭಾರವನ್ನು ಅವರು ಹೊರಬೇಕಾಗುತ್ತದೆ. ಅದು ಅನ್ಯಾಯ ಅಲ್ವಾ?

ನನಗೆ ಸಮುದ್ರದ ವಿಷಯ ಜಾಸ್ತಿ ಗೊತ್ತಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರವಾರದಲ್ಲಿದ್ದಾನೆ. ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿ ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ. ದಡಕ್ಕೆ ಬಂದ ನೀರೆಲ್ಲ ಹಿಂದಕ್ಕೆ ಹೋಗಬೇಕಲ್ಲ, ಕೆಲವು ಕಡೆ ಅದು ಕಾಲುವೆಯ ಹಾಗೆ ಒಂದೇ ಜಾಗದಿಂದ ಜೋರಾಗಿ ಹೊರಗೆ ಹರಿಯುತ್ತದಂತೆ. ಅಲ್ಲಿ ಅಲೆ ಒಡೆಯೋದು ಕಡಿಮೆ. ನೋಡಲು ಶಾಂತ. ಹೊಸಬರು ಇದೇ ಒಳ್ಳೆಯ ಜಾಗ ಅಂತ ಅಲ್ಲೇ ಇಳಿಯುತ್ತಾರೆ. ಸೊಂಟದಷ್ಟು ನೀರಿನಲ್ಲಿ ನಿಂತವರನ್ನೂ ಅದು ಎಳೆದುಕೊಂಡು ಹೋಗಬಹುದು. ಈಜು ಬರುವವರು ಅದಕ್ಕೆ ಎದುರು ಈಜದೆ, ದಡದ ಗುಂಟ ಅಡ್ಡಕ್ಕೆ ಈಜಿ ತಪ್ಪಿಸಿಕೊಳ್ಳುತ್ತಾರೆ. ಬರದವರು ಗಾಬರಿಯಾಗದೆ ತೇಲುತ್ತ ಕೈ ಎತ್ತಬೇಕಂತೆ. ನಿನಗೆ ತೇಲಲೂ ಬರೋದಿಲ್ಲ. ನೀನು ಕೈ ಎತ್ತಿದರೆ, ನಿನಗೆ ಈಜು ಬರುತ್ತದೆ ಅಂತ ತಿಳಿದವರು ತಾವೂ ಕೈ ಬೀಸಿ ನಗುತ್ತಾರೆ.

ನಮ್ಮ ಕಡೆಯ ಗಣಿ ಬೇರೆ. ಶಹಾಬಾದ್ ಕಲ್ಲು ಪದರ ಪದರ ಇರುತ್ತದೆ, ಒಂದೊಂದೇ ಹಾಸು ಎಬ್ಬಿಸುತ್ತ ಹೋದ ಮೇಲೆ ಉಳಿಯೋದು ನೆಟ್ಟಗಿನ ಗೋಡೆ. ಒಂದು ಹೆಜ್ಜೆ ತಪ್ಪಿದರೆ ಆಳ. ಅದನ್ನು ಕಂಡರೆ ಹೆದರಿಕೆಯಾದರೂ ಆಗುತ್ತದೆ. ಸಮುದ್ರ ಹಾಗಲ್ಲ, ಪಾದ, ಮೊಣಕಾಲು, ಸೊಂಟ ಅಂತ ಮೆಲ್ಲಗೆ ಒಳಗೆ ಕರೆಯುತ್ತದೆ. ನಾಚಿಕೆ ಇರುವವರು ಎಲ್ಲಿ ನಿಲ್ಲಬೇಕು? ಮುಂದಿನವರು ನಿಂತಲ್ಲಿ ನಿಲ್ಲುತ್ತಾರೆ.

ನಾನು ಒಂದೇ ಸಲ ಸಮುದ್ರ ನೋಡಿದ್ದು. ಶಾಲೆಯ ಪ್ರವಾಸದಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ಮಕ್ಕಳನ್ನೆಲ್ಲ ಎಣಿಸಿ ಕೂರಿಸಿ, ಸೀರೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆ. ಅಲೆ ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಕಿತ್ತುಕೊಂಡು ಹೋಯಿತು. ನಾನು ನಿಂತೇ ಇದ್ದೇನೆ, ನೆಲ ಹೋಗುತ್ತಿದೆ. ಪಕ್ಕದ ಟೀಚರ್ ಕೈ ಗಟ್ಟಿಯಾಗಿ ಹಿಡಿದು "ನನಗೆ ಹೆದರಿಕೆ, ಬಿಡಬೇಡಿ" ಅಂದೆ. ಅವರು ಬಿಡಲಿಲ್ಲ. ಆಮೇಲೆ ಒಂದು ತಾಸು ಹಾಗೇ ಕೈ ಹಿಡಿದು ನಿಂತು ಸೂರ್ಯ ಮುಳುಗೋದು ನೋಡಿದೆವು. ನನಗೆ ಇವತ್ತಿಗೂ ನೆನಪಿರುವ ಸಂಜೆ ಅದು. ಇಂಥ ಮಾತು ಹೇಳಿದರೆ ಯಾರೂ ನಗೋದಿಲ್ಲ ಕಣವ್ವ. ನಕ್ಕರೂ ಒಂದು ಗಳಿಗೆ.

ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆಯಂತೆ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಮಾನ್ಯತೆ ಅದು. ಹಾಗಿದ್ದ ಕಡೆ ಕಾವಲಿನವರು ಇರುತ್ತಾರೆ, ಇಳಿಯುವ ಜಾಗಕ್ಕೆ ಗುರುತು ಇರುತ್ತದೆ. ಆ ಗುರುತಿನ ಒಳಗೇ ಇರು. ಶರಾವತಿ ಸಮುದ್ರ ಸೇರುವ ಬಾಯಿಯ ಹತ್ತಿರ ಮಾತ್ರ ನೀರಿಗೆ ಇಳಿಯಬೇಡ, ಅಲ್ಲಿ ಹೊಳೆಯದೂ ಕಡಲಿನದೂ ಎರಡೂ ಸೆಳೆತ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊ, ಸೆಕೆ ಅಂತ ಬಿಚ್ಚಬೇಡ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದಂತೆ, ಮೊದಲ ದಿನ ನೀವು ಕೂತ ಮರಳಿನ ಮೇಲೆ ವಾರದ ಕೊನೆಗೆ ಅದೇ ಹೊತ್ತಿಗೆ ನೀರು ನಿಂತಿರಬಹುದು. ಗೆಳತಿಯ ಮನೆಯವರನ್ನು ಕೇಳಿಯೇ ಹೋಗಿ. ಮೇ ಕೊನೆಯ ಹೊತ್ತಿಗೆ ಕಡಲು ಕೆರಳಲು ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಂತ್ರದ ದೋಣಿಗಳೇ ಮೀನಿಗೆ ಇಳಿಯೋ ಹಾಗಿಲ್ಲ.

ನೋಡು, ಟೀಚರ್ ಹಾಗೆ ಪಾಠ ಶುರು ಮಾಡಿಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ನೀರಿಗೆ ಇಳಿಯದೆಯೂ ಅಲ್ಲಿ ಮಾಡಲು ಎಷ್ಟೊಂದು ಇದೆ. ಹೊನ್ನಾವರದ ಹತ್ತಿರ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ಹಲಗೆಯ ದಾರಿ ಮಾಡಿದ್ದಾರಂತೆ. ಅಪ್ಸರಕೊಂಡದ ಗುಡ್ಡದಿಂದ ಕಡಲು ಕಾಣುತ್ತದಂತೆ. ಅಪ್ಪೆಹುಳಿ ಉಣ್ಣು, ಮುರುಗಲು ಪಾನಕ ಕುಡಿ. ಅಲ್ಲಿ ಬಿಸಿಲು ನಮ್ಮಷ್ಟು ಇರಲ್ಲ, ಆದರೆ ಬೆವರು ಆರೋದಿಲ್ಲ, ಹತ್ತಿ ಬಟ್ಟೆ ಜಾಸ್ತಿ ಇಟ್ಟುಕೊ. ಈಜು ಕಲಿಯುವ ಆಸೆ ಇದ್ದರೆ ವಾಪಸ್ ಬಂದ ಮೇಲೆ ಹೇಳು, ಇಲ್ಲಿ ಕೊಳಕ್ಕೆ ಸೇರಿಸುತ್ತೇನೆ. ಫೀಸು ನಂದು. ಬೇಕಾದರೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ನಿಮ್ಮಜ್ಜ ಹೆಣ್ಣುಮಕ್ಕಳನ್ನು ಬಾವಿಗೆ ಇಳಿಸಲಿಲ್ಲ, ನಾನೂ ನಿನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಬೇಕಿತ್ತು. ನೀರು ಕಂಡರೆ ನಾನೇ ಹಿಂದೆ ಸರಿಯುತ್ತಿದ್ದೆ. ಅದು ನನ್ನ ತಪ್ಪು.

ಆ ಗೆಳೆಯ ಇನ್ನೂ ಶಹಾಬಾದಿನಲ್ಲೇ ಇದ್ದಾನಂತೆ. ಬರುವ ಸೋಮವಾರ ರೈಲಿಗೆ ಹೋಗುತ್ತಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಬರಬೇಕು. ನಿನ್ನಪ್ಪನಿಗೂ ನಾನೇ ಹೇಳುತ್ತೇನೆ. ನೀನು ಮೊದಲು ಹೇಳಬೇಡ.

ನಿನ್ನ ಮಾತು ಮಾತ್ರ ನನ್ನ ಕೈಯಲ್ಲಿ ಇಟ್ಟುಕೊಳ್ಳಲು ಆಗೋದಿಲ್ಲ. ತಪ್ಪು ತಿಳಿಯಬೇಡ. ನೀವು ಹೊರಡೋದು ಭಾನುವಾರ ಅಲ್ವಾ? ಗೆಳತಿಯರಿಗೆ ನೀನೇ ಹೇಳಿ, ಹೇಳಿದೆ ಅಂತ ಶನಿವಾರ ಸಂಜೆಯೊಳಗೆ ನನಗೆ ಒಂದು ಫೋನ್ ಮಾಡು. ಬರದಿದ್ದರೆ ಆ ಮನೆಯ ತಾಯಿಗೆ ನಾನು ಫೋನ್ ಮಾಡುತ್ತೇನೆ. ನಂಬರು ಸಿಕ್ಕಿದೆ. ನೀನು ನನ್ನ ಮೇಲೆ ಒಂದು ವರ್ಷ ಸಿಟ್ಟು ಮಾಡಿದರೂ ಸರಿ.

ಆ ಮನೆಗೆ ಅಂತ ಎರಡು ಕಿಲೋ ತೊಗರಿಬೇಳೆ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ. ನಾಳೆ ಬಸ್ಸಿಗೆ ಹಾಕುತ್ತೇನೆ. ರೊಟ್ಟಿ ಒಣಗಿದ್ದಾವೆ, ಹತ್ತು ದಿನ ಇರುತ್ತವೆ, ಆದರೆ ಆ ಕಡೆಯ ಗಾಳಿಗೆ ಮೆತ್ತಗಾಗುತ್ತವೆ, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಸು.

ಶನಿವಾರ ಫೋನ್ ಹತ್ತಿರವೇ ಕೂತಿರುತ್ತೇನೆ.

ನಿನ್ನ ಅತ್ತಿ