ಬಿಸಿಲು, ಮಳೆ ಸುದ್ದಿ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಸಲದ ಬಿಸಿಲಿನ ಮಾತು ಗುಂಪಿನಲ್ಲಿ ಜೋರಾಗಿದೆ, ನಡೆಯಲಿ. ಆದರೆ ಊರಿನ ಹೆಸರು ಹಾಕಿ ಬರೆಯಿರಿ. ಕಡೂರಿನಲ್ಲಿ ಧೂಳು ಏಳುವ ಹೊತ್ತಿಗೆ ಮೂಡಿಗೆರೆಯಲ್ಲಿ ಗುಡುಗುತ್ತಿರುತ್ತದೆ, ಅಲ್ವಾ? ಸುಮ್ನೆ 'ನಮ್ಮಲ್ಲಿ ಮಳೆ' ಎಂದರೆ ಯಾರಿಗೂ ತಿಳಿಯುವುದಿಲ್ಲ.

ಮಳೆ ಬಿದ್ದರೆ ಅಳತೆಯನ್ನೂ ಹಾಕಿ. ಇಂಚು, ಸೆಂಟ್ ಲೆಕ್ಕವೇ ಸಾಕು. 100 ಸೆಂಟ್ ಅಂದರೆ ಒಂದು ಇಂಚು, 25.4 ಮಿ.ಮೀ. ಕಾಫಿ ತೋಟದವರಿಗೆ, ಅದರಲ್ಲೂ ರೊಬಸ್ಟಾ ಜಾತಿಯ ಕಾಫಿ ಇರುವವರಿಗೆ, ಇದು ಬಹಳ ಮುಖ್ಯ. ತುಂತುರು ಬಿದ್ದು ನಿಂತರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಮೊಗ್ಗು ಅರಳಿಸುವ ಹೂಮಳೆ ಚೆನ್ನಾಗಿ ಬಂದರೂ, ಕಾಯಿ ಕಟ್ಟಿ ನಿಲ್ಲಲು ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್ ಮಳೆ ಬೇಕು. ಅಕ್ಕಪಕ್ಕದ ಊರಿನ ಅಳತೆ ಗೊತ್ತಾದರೆ ಸ್ಪ್ರಿಂಕ್ಲರ್ ಹಾಕುವುದೋ, ಇನ್ನೆರಡು ದಿನ ಕಾಯುವುದೋ ತೀರ್ಮಾನಿಸಬಹುದು.

ಮುಂದಿನ ಮಳೆಗಾಲದ ಊಹೆಯನ್ನೂ ಬರೆಯಿರಿ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಹಿರಿಯರ ಮಾತು ನನಗೂ ಇಷ್ಟ. ಏಪ್ರಿಲ್ ಕೊನೆಗೆ ಭರಣಿ ಮಳೆ ನಕ್ಷತ್ರ ಹುಟ್ಟುತ್ತದೆ, ನೋಡೋಣ. ಊಹೆಯನ್ನು ಮಾತ್ರ ಊಹೆ ಎಂದೇ ಹೇಳಿ. ಎಲ್ಲಿಂದಲೋ ಬಂದ 'ನಾಳೆ ಭಾರಿ ಮಳೆ' ಸಂದೇಶವನ್ನು ಹವಾಮಾನ ಇಲಾಖೆಯ ಮುನ್ಸೂಚನೆ ನೋಡದೆ ಹಾಕಬೇಡಿ. ಕಣದಲ್ಲಿ ಮೆಣಸು ಹರಡಿದವರು ಅದನ್ನು ನಂಬಿ ರಾತ್ರಿಯೇ ಎದ್ದು ಟಾರ್ಪಲ್ ಹೊದಿಸುತ್ತಾರೆ.