ಹುಳುಮನೆಗಿರುವ ಕಿಟಕಿ ಆಸ್ಪತ್ರೆಗಿಲ್ಲ

ಮಾನ್ಯರೇ,

ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಹೊಸ ಕಟ್ಟಡ ‘ಹೈಟೆಕ್’ ಎಂದು ನಿಮ್ಮ ಪತ್ರಿಕೆಯಲ್ಲಿ ಭಾನುವಾರ ಫೋಟೊ ಸಮೇತ ಬರೆದಿದ್ದೀರಿ. ಯಾವ ಕಟ್ಟಡ ಅಂತ ಚಿಕ್ಕಬಳ್ಳಾಪುರದವರಿಗೆ ಹೇಳಬೇಕಿಲ್ಲ. ನಿಮ್ಮ ಫೋಟೊದವರು ಹೊರಗೆ ನಿಂತಿದ್ದರು. ನಾನು ಮಂಗಳವಾರ ಮೂರು ಗಂಟೆ ಹೊತ್ತು ಅದರೊಳಗೆ ಕೂತಿದ್ದೆ.

ಅಮ್ಮನಿಗೆ ಮಂಡಿ ನೋವು. ಶಿಡ್ಲಘಟ್ಟದಿಂದ ಏಳು ಗಂಟೆ ಬಸ್ಸಿಗೆ ಬಂದರೂ ಟೋಕನ್ 84. ಮೂರು ಕಡೆ ಗೋಡೆ, ಒಂದು ಕಡೆ ನೆಲದಿಂದ ಸೂರಿನವರೆಗೆ ಗಾಜು. ಆ ಗಾಜಿಗೆ ಕೊಂಡಿಯೇ ಇಲ್ಲ, ತೆರೆಯುವುದೆಲ್ಲಿ? ಪಕ್ಕದ ಅಜ್ಜ ಒಂದೇ ಸಮ ಕೆಮ್ಮುತ್ತಿದ್ದರು. ಕ್ಷಯ ಇದೆಯೇನೋ ಎಂದು ಕಫ ಪರೀಕ್ಷೆಗೆ ಬಂದಿದ್ದರಂತೆ, ಪಾಪ, ಅವರದೇನು ತಪ್ಪು. ಬಾಗಿಲಾದರೂ ತೆರೆದಿಡಿ ಎಂದರೆ, ‘ಎಸಿ ಹಾಕಿದೀವಲ್ಲ, ಗಾಳಿ ಬರ್ತಿಲ್ವಾ?’ ಎಂದರು ಆಸ್ಪತ್ರೆಯವರು. ಬರ್ತಿತ್ತು ಸ್ವಾಮಿ, ಅದೇ ಗಾಳಿ. ಗೋಡೆಯ ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ಬಿಡುತ್ತದೆ. ಅಜ್ಜನ ಕೆಮ್ಮನ್ನು ತಂಪಾಗಿಸಿ ಎಲ್ಲರಿಗೂ ಸಮನಾಗಿ ಹಂಚಿದರು. ಇವತ್ತು ಅಮ್ಮನಿಗೆ ಮಂಡಿ ನೋವಿನ ಜೊತೆ ಜ್ವರ, ಕೆಮ್ಮು. ಮಂಡಿಗೆ ಬರೆದ ಮಾತ್ರೆ ಅಲ್ಲಿ ಸ್ಟಾಕ್ ಇರಲಿಲ್ಲ, ಅದು ಬೇರೆ ಮಾತು.

ನಾನು ರೇಷ್ಮೆ ಬೆಳೆಯುವವನು. ಹುಳುಮನೆಗೆ ಎದುರುಬದುರು ಕಿಟಕಿ ಇಡುತ್ತೇವೆ. ಬಿಸಿಗಾಳಿ ಹೋಗಲು ಮೇಲೆ ಕಿಂಡಿ ಬಿಡುತ್ತೇವೆ. ಗಾಳಿ ಆಡದೆ ತೇವ ಕಟ್ಟಿಕೊಂಡರೆ ನಾಲ್ಕನೇ ಜ್ವರ (ನಾವು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ) ಎದ್ದ ಹುಳವೂ ಸುಣ್ಣಕಟ್ಟಿ, ಅಂದರೆ ಬೂಸು ಹಿಡಿದು ಬೆಳ್ಳಗಾಗಿ, ಸಾಯುತ್ತದೆ. ಇದನ್ನು ನಮಗೆ ಹೇಳಿಕೊಟ್ಟಿದ್ದು ರೇಷ್ಮೆ ಇಲಾಖೆಯವರೇ. ಅದೂ ಸರ್ಕಾರದ್ದೇ ಅಲ್ವಾ?

ಆಸ್ಪತ್ರೆಗೂ ನಿಯಮ ಇದೆ. ಕಿಟಕಿ ಗಾಳಿ ನಂಬಿದ ಕಡೆ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಮ್ಮುವವರನ್ನು ಬೇರೆ ಕೂರಿಸಿ, ಬೇಗ ನೋಡಿ ಕಳಿಸಿ ಎಂಬ ಕೇಂದ್ರದ ಕೈಪಿಡಿ 2010ರಲ್ಲೇ ಬಂದಿದೆ. ಮಗಳು ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಹುಡುಕಿದಳು. ಎಂಜಿನಿಯರುಗಳಿಗೆ ನೆಟ್‌ವರ್ಕ್ ಇರಲಿಲ್ಲವೇನೋ! ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲದಲ್ಲಿ, ಇಲ್ಲೇ ಆಂಧ್ರದ ಮದನಪಲ್ಲಿ ಹತ್ತಿರದ ಆರೋಗ್ಯವರಂನಲ್ಲಿ ಗಾಳಿ ನೋಡಿಯೇ ಆಸ್ಪತ್ರೆ ಕಟ್ಟಿದ್ದರು.

2007ರಲ್ಲಿ ಜಿಲ್ಲೆ ಆದೆವು. ಆಗಿನಿಂದ ಬರೀ ಕಟ್ಟಡ, ಕಲ್ಲು, ರಿಬ್ಬನ್ನು. ಎತ್ತಿನಹೊಳೆ ಯೋಜನೆಯ ನೀರು ಕೇಳಿದರೆ ಇವತ್ತು ನಾಳೆ. ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗೆ ಬಿಟ್ಟ ಬೆಂಗಳೂರಿನ ಕೊಳಚೆ ನೀರನ್ನು ಮೂರನೇ ಹಂತಕ್ಕೂ ಶುದ್ಧ ಮಾಡಿ ಎಂದರೆ ಕಿವಿ ಕೇಳುವುದಿಲ್ಲ. ಬೆಂಗಳೂರಿನವರು ಬಳಸಿ ಬಿಟ್ಟ ನೀರು, ಪಕ್ಕದವರು ಉಸಿರಾಡಿ ಬಿಟ್ಟ ಗಾಳಿ. ನಮಗೆ ಇಷ್ಟೇ.

ಆ ಗಾಜು ತೆಗೆಸಿ. ಇಲ್ಲವೇ ನಕ್ಷೆಗೆ ಸಹಿ ಹಾಕಿದವರಿಗೆ ಒಂದು ಸೋಮವಾರ 84ನೇ ಟೋಕನ್ ಕೊಟ್ಟು ಒಳಗೆ ಕೂರಿಸಿ. ಏನೂ ಆಗದಿದ್ದರೆ, ಅಲ್ಲಿರುವ ಒಂದೇ ಒಂದು ಎಕ್ಸಾಸ್ಟ್ ಫ್ಯಾನಿಗೆ ಅಡ್ಡ ಕಟ್ಟಿರುವ ಉದ್ಘಾಟನೆಯ ಫ್ಲೆಕ್ಸನ್ನಾದರೂ ಕೀಳಿ.

– ಒಬ್ಬ ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು